ಉತ್ತರ ಬಾರದಿದ್ದಾಗ: ಡೇಟಾಬೇಸ್ ಸರ್ವರಿನ ಟೈಮ್‌ಔಟ್ ಮತ್ತು ಮರುಯತ್ನ

ಎ.ಟಿ.ಎಂ.ನಿಂದ ನೋಟು ಬಾರದೆ, ಖಾತೆಯಲ್ಲಿ ಮಾತ್ರ ಹಣ ಕಡಿತವಾದಾಗ ಗಾಬರಿಗೊಳ್ಳದವರು ವಿರಳ. ಇಂತಹ ಪ್ರಸಂಗಗಳಿಗೆ ಅನೇಕ ವೇಳೆ ಕಾರಣವಾಗುವುದು 'ಟೈಮ್‌ಔಟ್', ಅಂದರೆ ಉತ್ತರಕ್ಕಾಗಿ ಕಾಯುವ ಅವಧಿ ಮುಗಿದುಹೋಗುವುದು. ಈ ವಿಷಯಕ್ಕೂ ನಮ್ಮ ಹೈದರಾಬಾದಿಗೂ ನಂಟಿದೆ. ರಿಸರ್ವ್ ಬ್ಯಾಂಕು 1996ರಲ್ಲಿ ಇಲ್ಲಿ ಸ್ಥಾಪಿಸಿದ ಐ.ಡಿ.ಆರ್.ಬಿ.ಟಿ. ಸಂಸ್ಥೆಯೇ, ಬೇರೆ ಬೇರೆ ಬ್ಯಾಂಕುಗಳ ಎ.ಟಿ.ಎಂ.ಗಳನ್ನು ಬೆಸೆಯುವ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ವ್ಯವಸ್ಥೆಯನ್ನು 2004ರಲ್ಲಿ ಆರಂಭಿಸಿತು. 2009ರ ಕೊನೆಯಲ್ಲಿ ಅದು ಎನ್.ಪಿ.ಸಿ.ಐ.ಗೆ ಹಸ್ತಾಂತರವಾಯಿತು.

ಒಂದು ಬ್ಯಾಂಕಿನ ಕಾರ್ಡನ್ನು ಮತ್ತೊಂದರ ಯಂತ್ರದಲ್ಲಿ ಬಳಸಿದಾಗ, ನಮ್ಮ ಕೋರಿಕೆ ಸ್ವಿಚ್ಚಿನ ಮೂಲಕ ನಮ್ಮ ಬ್ಯಾಂಕಿನ ಡೇಟಾಬೇಸ್ ಸರ್ವರನ್ನು ತಲುಪಿ, ಉತ್ತರ ಅದೇ ಹಾದಿಯಲ್ಲಿ ಮರಳಬೇಕು. ಉತ್ತರ ಬಾರದಿದ್ದರೆ ಮೂರು ಸಾಧ್ಯತೆಗಳುಂಟು: ಕೋರಿಕೆಯೇ ತಲುಪಿಲ್ಲ, ಕೆಲಸ ಇನ್ನೂ ನಡೆಯುತ್ತಿದೆ, ಅಥವಾ ಕೆಲಸ ಮುಗಿದು ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದೆ. ಕಾಯುತ್ತಿರುವ ಯಂತ್ರಕ್ಕೆ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಟೈಮ್‌ಔಟ್ ಆಯಿತೆಂದ ಮಾತ್ರಕ್ಕೆ ಕೆಲಸ ಆಗಿಲ್ಲವೆಂದು ತಿಳಿಯಲಾಗದು.

ಅವಧಿಗಳೂ ಹಲವು ಬಗೆ. ಮೈಎಸ್‌ಕ್ಯುಎಲ್‌ನಲ್ಲಿ ಮೊದಲೇ ನಿಗದಿಯಾಗಿರುವಂತೆ, ಸಂಪರ್ಕ ಏರ್ಪಡಲು 10 ಸೆಕೆಂಡು, ಬೇರೊಂದು ವ್ಯವಹಾರ ಹಾಕಿದ ಬೀಗ ತೆರೆಯಲು 50 ಸೆಕೆಂಡು, ಸುಮ್ಮನಿರುವ ಸಂಪರ್ಕ ಉಳಿಯಲು 8 ಗಂಟೆ ಅವಕಾಶವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಆದೇಶ ನಡೆಯುವುದಕ್ಕೆ ಕಾಲಮಿತಿಯೇ ಇರುವುದಿಲ್ಲ, ನಾವೇ ವಿಧಿಸಬೇಕು. ಇಲ್ಲಿ ಮುಖ್ಯ ನಿಯಮವೆಂದರೆ, ಕೇಳುವವನ ತಾಳ್ಮೆ ಸರ್ವರಿನ ಮಿತಿಗಿಂತ ತುಸು ಹೆಚ್ಚಿರಬೇಕು. ಕೇಳಿದವನು 30 ಸೆಕೆಂಡಿಗೆ ಎದ್ದುಹೋಗಿ ಸರ್ವರು 50 ಸೆಕೆಂಡು ಕಾದರೆ, ಹೋದವನ ಹೆಸರಿನಲ್ಲಿ ಹಣ ಕಡಿತವಾಗಬಹುದು.

ಮರುಯತ್ನದಲ್ಲಿಯೂ ವಿವೇಕ ಬೇಕು. ಒಂದರ ಮೇಲೊಂದಿರುವ ಮೂರು ಹಂತಗಳು ತಲಾ ಮೂರು ಬಾರಿ ಯತ್ನಿಸಿದರೆ ಸರ್ವರಿನ ಮೇಲೆ ಬೀಳುವುದು 27 ಕೋರಿಕೆ. ಬಳಲಿದ ಸರ್ವರು ನೆಲಕಚ್ಚಲು ಇಷ್ಟು ಸಾಕು. ಆದುದರಿಂದ ಒಂದೇ ಹಂತದಲ್ಲಿ, 1, 2, 4 ಸೆಕೆಂಡು ಹೀಗೆ ಅಂತರ ಹೆಚ್ಚಿಸುತ್ತ, ಎಲ್ಲ ಯಂತ್ರಗಳೂ ಒಟ್ಟಿಗೆ ಮುಗಿಬೀಳದಂತೆ ಆ ಅಂತರವನ್ನು ತುಸು ಹಿಂದುಮುಂದು ಮಾಡಿ ಯತ್ನಿಸಬೇಕು. ಪ್ರತಿ ಯತ್ನಕ್ಕೂ ಅದೇ ವ್ಯವಹಾರ ಸಂಖ್ಯೆ ಇರಬೇಕು. ಆಗ ಸರ್ವರು 'ಇದು ಆಗಲೇ ಮುಗಿದಿದೆ' ಎಂದು ಗುರುತಿಸಿ ಎರಡನೆಯ ಕಡಿತವನ್ನು ತಡೆಯುತ್ತದೆ.

ನಾವು ಫೋನಿನಲ್ಲಿ ಹೊಸದಾಗಿ ಪಾವತಿ ಒತ್ತಿದರೆ ಸಂಖ್ಯೆಯೂ ಹೊಸದು. ಆ ರಕ್ಷಣೆ ಅಲ್ಲಿಲ್ಲ. ಆದ್ದರಿಂದ ಮೊದಲು ಹಿಂದಿನ ಪಾವತಿಯ ಸ್ಥಿತಿಯನ್ನು ನೋಡುವುದೇ ಕ್ಷೇಮ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಎ.ಟಿ.ಎಂ.ನಲ್ಲಿ ಸಿಗದ ಹಣವನ್ನು ವ್ಯವಹಾರದ ದಿನದಿಂದ 5 ದಿನಗಳೊಳಗೆ ಬ್ಯಾಂಕು ತಾನಾಗಿಯೇ ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ನೀಡಬೇಕು. ಮನೆಯ ಹಿರಿಯರಿಗೂ ಇದನ್ನು ತಿಳಿಸಿರೆಂದು ಓದುಗರಲ್ಲಿ ನಮ್ಮ ವಿನಂತಿ.