ನಿಮಗಿದು ಗೊತ್ತೇ? ಹುತ್ರಿದುರ್ಗದ ಬುಡದಲ್ಲಿ ಕಾರು ಕೆಟ್ಟು ನಿಂತರೆ...

ಮಾಗಡಿ ಕೆಂಪೇಗೌಡರ ನವದುರ್ಗಗಳಲ್ಲಿ ಒಂದಾದ ಹುತ್ರಿದುರ್ಗ ಕುಣಿಗಲ್ ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಸುಮಾರು 65 ಕಿ.ಮೀ. ದಾರಿಯಲ್ಲಿ ಕೆಟ್ಟು ನಿಂತ ಕಾರಿಗೆ ಸಹಾಯ ಒದಗಿಸುವ ‘ರಸ್ತೆ ನೆರವಿನ ಪ್ಲಾನ್’ ಕೊಳ್ಳುವ ಮುನ್ನ ನೋಡಬೇಕಾದ್ದು ಈ ಅಂಕಿಯನ್ನೇ. ಉಚಿತ ಟೋಯಿಂಗ್‌ಗೆ ಬಹುತೇಕ ಪ್ಲಾನ್‌ಗಳಲ್ಲಿ ಕಿಲೋಮೀಟರ್ ಮಿತಿ ಇರುತ್ತದೆ. ಮಿತಿ 50 ಕಿ.ಮೀ. ಎಂದಿದ್ದು ನೀವು ಕಾರನ್ನು ಬೆಂಗಳೂರಿಗೇ ಒಯ್ಯಬೇಕೆಂದರೆ ಮಿಕ್ಕ ದೂರದ ಬಾಡಿಗೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಲೆಕ್ಕ ಒಂದು ಕಡೆಯದೋ, ಹೋಗಿಬರುವ ಎರಡೂ ಕಡೆಯದೋ ಎಂಬುದನ್ನೂ ಕೇಳಿ.

ಕುಣಿಗಲ್ ಮೇಲೆ ಹಾದುಹೋಗುವ ಬೆಂಗಳೂರು–ಮಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಇಲ್ಲಿ ಕಾರು ನಿಂತರೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಹಗಲಿರುಳೂ ಕರೆ ಮಾಡಬಹುದು. ಯಾವ ಪ್ಲಾನೂ ಬೇಕಿಲ್ಲ. ಆದರೆ ಅವರ ಕ್ರೇನ್ ಇರುವುದು ಹೆದ್ದಾರಿಯನ್ನು ತೆರವು ಮಾಡಲು, ನಿಮ್ಮ ಗ್ಯಾರೇಜಿಗೆ ಮುಟ್ಟಿಸಲು ಅಲ್ಲ. ದುರ್ಗದ ಕಡೆಗೆ ಹಳ್ಳಿ ರಸ್ತೆಗೆ ತಿರುಗಿದ ಮೇಲಂತೂ ನೆಚ್ಚಬೇಕಾದ್ದು ನಿಮ್ಮ ಪ್ಲಾನನ್ನೇ.

ಬೆಳಗಿನ ಜಾವ ಬಂದು, ಹೆಡ್‌ಲೈಟ್ ಆರಿಸುವುದನ್ನು ಮರೆತು ಬೆಟ್ಟ ಹತ್ತಿದವರು ಬಿಸಿಲೇರಿದ ಮೇಲೆ ಇಳಿದು ಬಂದು ಕೀ ತಿರುಗಿಸುತ್ತಾರೆ. ಟಿಕ್ ಟಿಕ್ ಎನ್ನುತ್ತದೆ, ಅಷ್ಟೇ. ಬ್ಯಾಟರಿ ಇಳಿದಿದೆ. ಇದಕ್ಕೆ ಟೋಯಿಂಗ್ ಬೇಕಿಲ್ಲ, ಇನ್ನೊಂದು ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿದರೆ ಸಾಕು. ಪಂಕ್ಚರ್, ಕಾರಿನೊಳಗೇ ಉಳಿದ ಕೀ, ಮುಗಿದ ಪೆಟ್ರೋಲ್, ಇವೂ ಹಾಗೆಯೇ ನಿಂತಲ್ಲೇ ಬಗೆಹರಿಯುವ ತೊಂದರೆಗಳು. ಹಾಗಾಗಿ ಪ್ಲಾನಿನ ನಿಜವಾದ ಬೆಲೆ ಮೆಕ್ಯಾನಿಕ್ ನೀವಿರುವ ಜಾಗಕ್ಕೆ ಬರುತ್ತಾನೋ ಇಲ್ಲವೋ ಎಂಬುದರಲ್ಲಿದೆ. ತಂದುಕೊಟ್ಟ ಪೆಟ್ರೋಲಿನ ದುಡ್ಡನ್ನು ಸಾಮಾನ್ಯವಾಗಿ ನೀವೇ ಕೊಡಬೇಕು.

ರಸ್ತೆ ನೆರವನ್ನು ಕಾರಿನ ವಿಮೆಯ ಜೊತೆಗೇ ಆ್ಯಡ್‌ಆನ್ ಆಗಿ ಕೊಳ್ಳಬಹುದು. ಆದರೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಹೊಸ ಕಾರಿಗೆ ತಯಾರಕರೇ ಮೊದಲ ಕೆಲವು ವರ್ಷ ಈ ಸೌಲಭ್ಯ ಕೊಟ್ಟಿರುವುದುಂಟು. ವಾರಂಟಿ ಪುಸ್ತಕ ನೋಡದೆ ವಿಮೆಯಲ್ಲೂ ಸೇರಿಸಿಕೊಂಡರೆ ಒಂದೇ ಸೇವೆಗೆ ಎರಡು ಸಲ ದುಡ್ಡು ಕೊಟ್ಟಂತೆ.

ಸ್ಟೆಪ್ನಿ ಇಲ್ಲದ ಕಾರನ್ನೂ ಮಾರಬಹುದು! ಟೈರ್ ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮ ತಿದ್ದಲಾಯಿತು. ಟೈರಿನ ಪಕ್ಕೆ ಹರಿದರೆ ಆ ಕಿಟ್ ಕೆಲಸಕ್ಕೆ ಬಾರದು. ಅಂಥ ಕಾರಿಗೆ ಟೋಯಿಂಗ್ ದೂರ ಹೆಚ್ಚಿರುವ ಪ್ಲಾನೇ ಸರಿ.

ಆಟೊಮ್ಯಾಟಿಕ್ ಅಥವಾ ಎಲೆಕ್ಟ್ರಿಕ್ ಕಾರೇ? ಎಂಜಿನ್ ಅಥವಾ ಮೋಟಾರ್ ಓಡಿಸುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದರೆ ಗೇರ್‌ಬಾಕ್ಸ್ ಅಥವಾ ಮೋಟಾರ್ ಕೆಡಬಹುದು. ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಗಾಡಿಯೇ ಬೇಕೆಂದು ಕರೆ ಮಾಡುವಾಗಲೇ ಹೇಳಿ.

ಇಂಗ್ಲೆಂಡಿನಲ್ಲಿ 1905ರಲ್ಲಿ ಹುಟ್ಟಿದ ಆಟೊಮೊಬೈಲ್ ಅಸೋಸಿಯೇಷನ್ ಇಂದು ರಸ್ತೆ ನೆರವಿಗೆ ಹೆಸರುವಾಸಿ. ಅದರ ಮೊದಲ ಕೆಲಸ ಮಾತ್ರ ಪೊಲೀಸರು ವೇಗ ಅಳೆಯಲು ಎಲ್ಲಿ ಕಾದಿದ್ದಾರೆಂದು ಸದಸ್ಯರನ್ನು ಎಚ್ಚರಿಸುವುದಾಗಿತ್ತು.

ಯಾರಿಗಾದರೂ ಪೆಟ್ಟಾಗಿದ್ದರೆ ಪ್ಲಾನಿನ ನಂಬರ್ ಆಮೇಲೆ. ಮೊದಲು 108 ಅಥವಾ 112.

ಈ ಸಲ ವಿಮೆ ನವೀಕರಿಸುವ ಮುನ್ನ ಕಂಪನಿಗೆ ಫೋನ್ ಮಾಡಿ, ‘ಹುತ್ರಿದುರ್ಗದ ಬುಡಕ್ಕೆ ರಾತ್ರಿ ಹತ್ತು ಗಂಟೆಗೆ ಬರುತ್ತೀರಾ?’ ಎಂದು ಊರಿನ ಹೆಸರು ಹಿಡಿದೇ ಕೇಳಿ. ಬರುತ್ತೇವೆಂದರೆ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ, ಸಹಾಯವಾಣಿ ನಂಬರನ್ನು ಕಾಗದದ ಮೇಲೂ ಬರೆದು ಕಾರಿನಲ್ಲಿಡಿ.