ಮುದ್ರೆಯೋ, ವೇಗವೋ?

ಹಿರೀಸಾವೆಯಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವ ಲಾರಿಯೊಂದನ್ನು ಊಹಿಸೋಣ. ಪ್ರತಿಯೊಂದು ಚೀಲದ ಬಾಯಿಗೂ ಮುದ್ರೆ ಬಿದ್ದಿದೆ. ಚೀಲಗಳ ಪಟ್ಟಿಯೊಂದು ಬೇರೆ ಇದೆ. ಒಂದೊಂದು ಚೀಲ ಏರಿದಾಗಲೂ ಪಟ್ಟಿಯನ್ನು ಮೊದಲಿನಿಂದ ಬರೆದು ಮೊತ್ತ ಹಾಕಬೇಕೆಂದರೆ, ಹತ್ತು ಚೀಲಗಳಿಗೆ ತೊಂದರೆಯಿಲ್ಲ. ಹತ್ತು ಲಕ್ಷ ಚೀಲಗಳಿದ್ದರೆ ಗತಿಯೇನು? ಗಣಕಯಂತ್ರಗಳ ಲೋಕದಲ್ಲಿ ಇಂಥದೇ ಇಕ್ಕಟ್ಟೊಂದು ಒದಗಿದೆ.

ತಂತ್ರಾಂಶ ಬರೆಯುವವರು ತಮ್ಮ ಕಡತಗಳ ಹಿಂದಿನ ಆವೃತ್ತಿಗಳನ್ನೆಲ್ಲ ಕಾಪಾಡಿಡಲು ‘ಗಿಟ್’ ಎಂಬ ಸಾಧನವನ್ನು ಬಳಸುತ್ತಾರೆ. ಲಿನಸ್ ಟೋರ್ವಾಲ್ಡ್ಸ್ ಇದನ್ನು 2005ರಲ್ಲಿ ರಚಿಸಿದರು. ಇದರೊಳಗೆ ಸೇರುವ ಪ್ರತಿಯೊಂದು ಕಡತದಿಂದಲೂ ಗಣಿತಕ್ರಮವೊಂದರಿಂದ ಸಾಮಾನ್ಯವಾಗಿ 160 ಬಿಟ್‌ಗಳ ಸಂಖ್ಯೆಯೊಂದನ್ನು ಪಡೆಯಲಾಗುತ್ತದೆ. ಕಡತದ ಒಂದಕ್ಷರ ಬದಲಾದರೂ ಈ ಸಂಖ್ಯೆ ಪೂರ್ತಿಯಾಗಿ ಬೇರೆಯಾಗುತ್ತದೆ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯು ಉಳಿದ ಹನ್ನೊಂದನ್ನು ತಾಳೆ ನೋಡುವುದಕ್ಕೆಂದೇ ಇರುವಂತೆ, ಇದು ಕಡತದ ಮುದ್ರೆ.

ಕಡತಗಳ ಪಟ್ಟಿಯಾದ ‘ಸೂಚಿ’ಗೂ ಕೊನೆಯಲ್ಲಿ ಇಂಥ ಮುದ್ರೆಯುಂಟು. ಒಂದೇ ಕಡತವನ್ನು ಸೇರಿಸಿದರೂ ಸಾಮಾನ್ಯವಾಗಿ ಇಡೀ ಸೂಚಿಯನ್ನು ಬರೆದು ಮುದ್ರೆಯನ್ನು ಹೊಸದಾಗಿ ಗಣಿಸಬೇಕು. ವಿಂಡೋಸ್‌ನ ಸುಮಾರು 35 ಲಕ್ಷ ಕಡತಗಳನ್ನು ಮೈಕ್ರೋಸಾಫ್ಟ್ 2017ರಲ್ಲಿ ಗಿಟ್‌ಗೆ ಒಪ್ಪಿಸಿತೆಂಬುದನ್ನು ನೆನೆದರೆ ಈ ಶ್ರಮದ ಅಳತೆ ತಿಳಿದೀತು. ಆ ವರ್ಷವೇ ಬಂದ ಗಿಟ್ 2.13, ಸೂಚಿಯನ್ನು ಓದುವಾಗಲೆಲ್ಲ ಮುದ್ರೆಯನ್ನು ತಾಳೆ ನೋಡುವ ಪದ್ಧತಿಯನ್ನು ಬಿಟ್ಟಿತು. ಪೂರ್ಣ ತಪಾಸಣೆಯ ಆಜ್ಞೆಯಿತ್ತಾಗ ಮಾತ್ರ ನೋಡುತ್ತದೆ. 2023ರ ಗಿಟ್ 2.40ರಲ್ಲಿ, ಬೇಕೆಂದವರು ಆ ಮುದ್ರೆಯನ್ನು ಗಣಿಸದೆಯೇ ಬಿಡಬಹುದು. ಅದರ ಸ್ಥಳದಲ್ಲಿ ಸೊನ್ನೆಗಳು ನಿಲ್ಲುತ್ತವೆ.

ಇದರಿಂದ ನಷ್ಟವಿಲ್ಲವೆ? ಉಂಟು. ಡಿಸ್ಕಿನ ದೋಷದಿಂದ ಸೂಚಿಯ ಒಂದು ಬಿಟ್ ಬದಲಾಗಿ, ಕಡತವೊಂದರ ಹೆಸರಿನ ಅಕ್ಷರ ಕೆಟ್ಟಿತೆನ್ನೋಣ. ಹಿಡಿದು ನಿಲ್ಲಿಸುವ ಮುದ್ರೆಯಿಲ್ಲದ್ದರಿಂದ ಆ ತಪ್ಪು ಮುಂದಿನ ಆವೃತ್ತಿಗೆ ಸದ್ದಿಲ್ಲದೆ ಸೇರಬಹುದು. ಆಮೇಲೆ ಆವೃತ್ತಿಗೆ ಬೀಳುವ ಮುದ್ರೆ ಆ ತಪ್ಪಿನ ಮೇಲೆಯೇ ಬೀಳುತ್ತದೆ! ಮುದ್ರೆಯು ಹೇಳುವುದು ವಸ್ತು ಬದಲಾಗಿಲ್ಲವೆಂದೇ ಹೊರತು ಅದು ಸರಿಯೆಂದಲ್ಲ.

ಆದರೂ ಈ ವಿನಿಮಯ ಕೇವಲ ದುಡುಕಲ್ಲ. ಸೂಚಿ ಹಾಳಾದರೆ ಕೊನೆಯ ಆವೃತ್ತಿಯಿಂದ ಅದನ್ನು ಮತ್ತೆ ಕಟ್ಟಬಹುದು. ಇನ್ನೂ ಆವೃತ್ತಿಗೆ ಸೇರದ ಆಯ್ಕೆಗಳನ್ನಷ್ಟೇ ಪುನಃ ಮಾಡಬೇಕಾದೀತು. ಚೀಲದೊಳಗಿನ ಕೊಬ್ಬರಿಯ ಹಾಗೆ, ಸಂಗ್ರಹಿಸಿಟ್ಟ ಕಡತಗಳ ಮುದ್ರೆಗಳು ಮಾತ್ರ ಎಂದಿನಂತೆ ಉಳಿದಿವೆ. ಆದ್ದರಿಂದ ಯಾವುದೇ ತಪಾಸಣೆಯನ್ನು ಕೈಬಿಡುವ ಮೊದಲು ನಾವು ಕೇಳಬೇಕಾದುದು ‘ಎಷ್ಟು ಕಾಲ ಉಳಿಯಿತು?’ ಎಂಬುದೊಂದನ್ನೇ ಅಲ್ಲ. ‘ಕೆಟ್ಟರೆ ಮತ್ತೆ ಕಟ್ಟಲು ಬರುವುದೆ?’ ಎಂಬುದನ್ನು.