ಗಾಳದ ಕೋಲು: ಅಗ್ಗದ್ದೇ ಒಪ್ಪುವ ಸಂದರ್ಭ

ಸಕಲೇಶಪುರವನ್ನು ಹಾದು ಬರುವ ಹೇಮಾವತಿಯು, 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟೆಯ ಜಲಾಶಯವನ್ನು ಸೇರುತ್ತದೆ. ಈ ನೀರಿನಲ್ಲಿ ಅಮೆರಿಕದ ಬಾಸ್ ಮೀನಿಲ್ಲ, ನಮ್ಮದು ಕೊರವ. ಆದರೆ ಬಾಸ್‌ಗೆಂದು ರೂಪಿಸಿದ, ಎಳೆದಂತೆಲ್ಲ ನಡುಗುತ್ತಾ ಮುಳುಗುವ ‘ಕ್ರ್ಯಾಂಕ್‌ಬೈಟ್’ ಎಂಬ ಕೃತಕ ಮೀನಿಗೆ ಕೊರವವೂ ಬಾಯಿ ಹಾಕುತ್ತದೆ. ಇದಕ್ಕೆ ಎಂತಹ ಕೋಲನ್ನು ದಾಸ್ತಾನು ಮಾಡಬೇಕೆಂಬುದು ಪಾಳ್ಯ, ಆಲೂರುಗಳ ವರ್ತಕರು ಯೋಚಿಸತಕ್ಕ ವಿಷಯ.

ದುಬಾರಿಯಾದ ಕಾರ್ಬನ್ ಕೋಲೇ ಶ್ರೇಷ್ಠವೆಂಬ ನಂಬಿಕೆ ಇಲ್ಲಿ ಸಲ್ಲದು. ಕ್ರ್ಯಾಂಕ್‌ಬೈಟಿಗೆ ಇರುವುದು ಮೂರು ಮೊನೆಯ ಸಣ್ಣ ಕೊಕ್ಕೆಗಳು. ಬಿಗಿಯಾದ ಕೋಲಿನಿಂದ ಜಗ್ಗಿದರೆ ಅವು ಮೀನಿನ ಬಾಯಿಂದ ಕಿತ್ತುಬರುತ್ತವೆ. ನಡುವಿನವರೆಗೂ ಬಾಗುವ ಫೈಬರ್‌ಗ್ಲಾಸ್ ಕೋಲು ಆ ಜಗ್ಗಾಟವನ್ನು ತಾನೇ ತಾಳಿಕೊಳ್ಳುತ್ತದೆ, ಬೆಲೆಯೂ ಕಡಿಮೆ. ಹೆಚ್ಚಿನ ಬಂಡವಾಳ ಹೂಡಿ ಗಿರಾಕಿಯ ದೂರನ್ನೂ ಕೇಳಬೇಕೇಕೆ?

ಹಾಗೆಂದು ಅಗ್ಗದ್ದನ್ನೆಲ್ಲ ತರಿಸಲಾಗದು. ಒಳಗೆ ಟೊಳ್ಳಿಲ್ಲದ ಗ್ಲಾಸ್ ಕೋಲು ಭಾರ. ಅರ್ಧ ದಿನಕ್ಕೇ ಕೈ ಸೋಲುತ್ತದೆ. ಟೊಳ್ಳಾದ, ಸುಮಾರು 7 ಅಡಿಯ, 7ರಿಂದ 14 ಗ್ರಾಂ ತೂಕದ ಗಾಳಕ್ಕೆಂದು ಗುರುತಿರುವ ಕೋಲು ಯೋಗ್ಯ. ಎರಡು ತುಂಡಿನದಾದರೆ ಬಸ್ಸಿನಲ್ಲಿ ಒಯ್ಯಲು ಅನುಕೂಲ. ದಾರ ಹಾಯುವ ಉಂಗುರಗಳೊಳಗೆ ಹತ್ತಿಯನ್ನು ಆಡಿಸಿ ನೋಡಿರಿ. ಎಳೆ ಸಿಕ್ಕಿಕೊಂಡರೆ ಬಿರುಕಿದೆಯೆಂದೇ ಅರ್ಥ. ಬಿರುಕು ದಾರವನ್ನು ಕತ್ತರಿಸುತ್ತದೆ. ಅಂತಹ ಕೋಲನ್ನು ಹಣ ಪಾವತಿಸುವ ಮುನ್ನವೇ ಸಗಟು ವ್ಯಾಪಾರಿಗೆ ಹಿಂದಿರುಗಿಸತಕ್ಕದ್ದು.